ಐದು ನಿಮಿಷದ ಮದ್ದು, ಐದು ಗಂಟೆಯ ನಿಶ್ಚಲತೆ

ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ವೈದ್ಯರು ರೋಗಿಗೆ ಒಂದೇ ಔಷಧಿ ಕೊಟ್ಟು ಸುಮ್ಮನಾಗುವುದಿಲ್ಲ. ನಿದ್ದೆ ಬರಿಸಲು ಒಂದು, ನೋವು ತಿಳಿಯದಿರಲು ಮತ್ತೊಂದು, ಮೈಯ ಸ್ನಾಯುಗಳೆಲ್ಲ ಸಡಿಲಗೊಳ್ಳಲು ಇನ್ನೊಂದು. ಗಂಟಲಿನೊಳಗೆ ಉಸಿರಿನ ಕೊಳವೆ ಇಳಿಸಬೇಕಾದರೆ ಆ ಮೂರನೆಯದು ಬೇಕೇ ಬೇಕು. ಇಲ್ಲದಿದ್ದರೆ ದವಡೆ ಬಿಗಿದುಕೊಳ್ಳುತ್ತದೆ, ಗಂಟಲು ಕೊಳವೆಗೆ ದಾರಿ ಬಿಡುವುದಿಲ್ಲ. ಈ ಕೆಲಸಕ್ಕೆ 1951ರಿಂದಲೂ ಬಳಕೆಯಲ್ಲಿರುವ ಔಷಧಿ ಸಕ್ಸಿನೈಲ್‌ಕೋಲಿನ್. ನಮ್ಮ ಆಸ್ಪತ್ರೆಗಳಲ್ಲಿ ಅದು ಸ್ಕೋಲಿನ್ ಎಂಬ ಹೆಸರಿನಿಂದಲೇ ಪರಿಚಿತ. ಒಂದು ನಿಮಿಷದೊಳಗೆ ಇಡೀ ಮೈ ಸಡಿಲಾಗುತ್ತದೆ, ಐದರಿಂದ ಹತ್ತು ನಿಮಿಷದಲ್ಲಿ ಅದರ ಪ್ರಭಾವ ತಾನಾಗಿ ಇಳಿದುಹೋಗುತ್ತದೆ. ಹೊಟ್ಟೆ ತುಂಬಿರುವಾಗಲೇ ಅಪಘಾತವಾಗಿ ಬಂದವರಿಗೆ, ತುರ್ತು ಸಿಸೇರಿಯನ್ನಿಗೆ ಬಂದ ಹೆಂಗಸಿಗೆ, ಮಾನಸಿಕ ಚಿಕಿತ್ಸೆಯಲ್ಲಿ ವಿದ್ಯುತ್ ಆಘಾತ ಕೊಡುವಾಗ ಇದು ಇಂದಿಗೂ ಕೈಗೆ ಬರುವ ಮದ್ದು. ಬೆಲೆಯೂ ಕಡಿಮೆ.

ಆದರೆ ಕೆಲವರ ಮೈಯಲ್ಲಿ ಇದು ಇಳಿಯುವುದಿಲ್ಲ. ಐದು ನಿಮಿಷ ಕಳೆಯುತ್ತದೆ, ಅರ್ಧ ಗಂಟೆ ಕಳೆಯುತ್ತದೆ, ಆಪರೇಷನ್ನೇ ಮುಗಿಯುತ್ತದೆ. ರೋಗಿಯ ಎದೆ ಏಳುವುದಿಲ್ಲ, ಬೆರಳು ಅಲುಗುವುದಿಲ್ಲ, ರೆಪ್ಪೆ ತೆರೆಯುವುದಿಲ್ಲ. ಹೀಗೆ ನಾಲ್ಕೈದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು. ವೆಂಟಿಲೇಟರ್ ಇದ್ದು, ಅದರ ಪಕ್ಕದಲ್ಲಿ ವಿಷಯ ಬಲ್ಲ ವೈದ್ಯರಿದ್ದರೆ ಪ್ರಾಣಕ್ಕೆ ಭಯವಿಲ್ಲ. ಕೃತಕ ಉಸಿರು ಕೊಡುತ್ತ ಕಾದರೆ ಸ್ನಾಯುಗಳು ತಾವಾಗಿ ಮರಳುತ್ತವೆ. ಆದರೆ ಸ್ಕೋಲಿನ್ ಸ್ನಾಯುವನ್ನು ಮಾತ್ರ ನಿಲ್ಲಿಸುತ್ತದೆ, ಎಚ್ಚರವನ್ನಲ್ಲ. ನಿದ್ದೆಯ ಔಷಧಿ ಮೊದಲೇ ಇಳಿದುಬಿಟ್ಟರೆ ಮನುಷ್ಯ ಎಲ್ಲವನ್ನೂ ಕೇಳಿಸಿಕೊಳ್ಳುತ್ತ, ನೋವನ್ನೂ ಅನುಭವಿಸುತ್ತ, ಒಂದು ಬೆರಳಿನ ಸನ್ನೆಯನ್ನೂ ಮಾಡಲಾಗದೆ ಮಲಗಿರಬೇಕಾಗುತ್ತದೆ. ಕಾರಣ ಗೊತ್ತಿಲ್ಲದ ಕಡೆ ಆಗುವ ಅನಾಹುತವೆಂದರೆ ಇದೇ.

ಈ ಮಾತನ್ನು ಹಿಂದೂಪುರ, ಕಲ್ಯಾಣದುರ್ಗಗಳ ಓದುಗರಿಗಾಗಿ ಬರೆಯುವುದಕ್ಕೆ ಗಟ್ಟಿಯಾದ ಕಾರಣವಿದೆ. ಸ್ಕೋಲಿನ್ ಇಳಿಯದಿರುವ ಈ ಸ್ಥಿತಿಯ ತೀವ್ರ ರೂಪ ಪ್ರಪಂಚದಲ್ಲಿ ಸುಮಾರು ಒಂದು ಲಕ್ಷಕ್ಕೆ ಒಬ್ಬರಲ್ಲಿ ಕಾಣುವಂಥದ್ದು. ಆಂಧ್ರ ಮೂಲದ ಆರ್ಯವೈಶ್ಯ ಸಮುದಾಯದಲ್ಲಿ ಅದು ಉಳಿದವರಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ಈ ಗಡಿಸೀಮೆಯಲ್ಲಿ ಶೆಟ್ಟರೆಂದು ಕರೆಸಿಕೊಳ್ಳುವ ಇವರ ಅಂಗಡಿಯಿಲ್ಲದ ಪೇಟೆಯಿಲ್ಲ, ಇವರ ಕುಲದೇವತೆ ಕನ್ನಿಕಾಪರಮೇಶ್ವರಿಯ ಗುಡಿಯಿಲ್ಲದ ಊರು ಅಪರೂಪ. ಹಿಂದೂಪುರದ ಬೆಲ್ಲ, ಹುಣಸೆಹಣ್ಣಿನ ವ್ಯಾಪಾರದಿಂದ ಹಿಡಿದು ಕಲ್ಯಾಣದುರ್ಗದ ಕಿರಾಣಿ ಅಂಗಡಿಗಳವರೆಗೆ, ಮನೆಯಲ್ಲಿ ತೆಲುಗು, ಗಲ್ಲಾಪೆಟ್ಟಿಗೆಯ ಮುಂದೆ ಕನ್ನಡ ಎರಡನ್ನೂ ಆಡುವ ಕುಟುಂಬಗಳಿವು. ಇವರ ನೆಂಟಸ್ತಿಕೆ ಪಾವಗಡ, ಮಧುಗಿರಿ, ಗೌರಿಬಿದನೂರು, ಬಳ್ಳಾರಿಗಳ ಕಡೆಗೂ ಹರಡಿದೆ. 2022ರಲ್ಲಿ ಅನಂತಪುರ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ರಕ್ತಸಂಬಂಧ ಆ ಗೆರೆಗಳನ್ನು ನೋಡುವುದಿಲ್ಲ.

ಕಾರಣ ಒಂದು ಕಿಣ್ವ. ಹೆಸರು ಬ್ಯುಟಿರೈಲ್‌ಕೋಲಿನ್‌ಎಸ್ಟರೇಸ್. ಹಳೆಯ ವೈದ್ಯರು ಸೂಡೋಕೋಲಿನ್‌ಎಸ್ಟರೇಸ್ ಎನ್ನುತ್ತಾರೆ, ಲ್ಯಾಬಿನ ಚೀಟಿಯಲ್ಲಿ ಸೀರಮ್ ಕೋಲಿನ್‌ಎಸ್ಟರೇಸ್ ಎಂದಿರುತ್ತದೆ, ಮೂರೂ ಒಂದೇ. ಯಕೃತ್ತಿನಲ್ಲಿ ತಯಾರಾಗಿ ರಕ್ತದ ಪ್ಲಾಸ್ಮಾದಲ್ಲಿ ಹರಿದಾಡುತ್ತದೆ. ಪ್ರಮಾಣ ಬಹಳ ಸಣ್ಣದು: ಒಂದು ಲೀಟರ್ ಪ್ಲಾಸ್ಮಾದಲ್ಲಿ ನಾಲ್ಕೈದು ಮಿಲಿಗ್ರಾಂ. ಇಡೀ ಮೈಯ ಪ್ಲಾಸ್ಮಾದಲ್ಲಿರುವುದನ್ನು ಕೂಡಿಸಿದರೂ ಹದಿನೈದು ಮಿಲಿಗ್ರಾಮಿನ ಆಸುಪಾಸು. ಆದರೂ ರಕ್ತನಾಳಕ್ಕೆ ಚುಚ್ಚಿದ ಸ್ಕೋಲಿನ್‌ನ ಬಹುಪಾಲನ್ನು ಅದು ಸ್ನಾಯು ಮುಟ್ಟುವ ಮೊದಲೇ, ದಾರಿಯಲ್ಲೇ ಒಡೆದುಹಾಕುತ್ತದೆ. ಸ್ನಾಯುವಿನ ಬಾಗಿಲಿಗೆ ತಲುಪುವುದು ಹತ್ತರಲ್ಲಿ ಒಂದು ಪಾಲಿನಷ್ಟು. ವೈದ್ಯರು ಕೊಡುವ ಡೋಸ್ ಈ ಲೆಕ್ಕದ ಮೇಲೆಯೇ ನಿಂತಿದೆ. ಕಿಣ್ವವೇ ಇಲ್ಲದ ಮೈಗೆ ಅದೇ ಡೋಸ್ ಕೊಟ್ಟರೆ ಹತ್ತಕ್ಕೆ ಹತ್ತೂ ಪಾಲು ಸ್ನಾಯುವಿಗೆ ಹೋಗುತ್ತದೆ, ಹೋದದ್ದು ಅಲ್ಲೇ ಕೂರುತ್ತದೆ.

ಈ ಕಿಣ್ವಕ್ಕೆ ಹತ್ತಿರದ ಬಂಧುವಾದ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಇನ್ನೊಂದು ಕಿಣ್ವವಿದೆ. ನರ ಸ್ನಾಯುವಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಆಜ್ಞೆ ಕಳಿಸುತ್ತದೆ. ಆಜ್ಞೆ ಮುಟ್ಟಿದ ಕ್ಷಣವೇ ಆ ರಾಸಾಯನಿಕವನ್ನು ಒಡೆದು ಜಾಗ ತೆರವು ಮಾಡುವುದು ಈ ಬಂಧುವಿನ ಕೆಲಸ. ಸ್ಕೋಲಿನ್ ಎಂದರೆ ಎರಡು ಅಸಿಟೈಲ್‌ಕೋಲಿನ್ ಅಣುಗಳನ್ನು ಬೆನ್ನಿಗೆ ಬೆನ್ನು ಸೇರಿಸಿದಂಥ ವಸ್ತು. ಸ್ನಾಯುವಿನ ಬಾಗಿಲಲ್ಲಿ ಅದು ಕೂತುಬಿಟ್ಟರೆ ಅಲ್ಲೇ ಕಾವಲಿರುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಅದನ್ನು ಒಡೆಯಲಾರದು. ರಕ್ತದಲ್ಲಿರುವ ಬ್ಯುಟಿರೈಲ್ ಬಂಧು ಒಡೆಯಬಲ್ಲದು. ಎರಡರ ಕೆಲಸವೂ ಒಂದೇ ಬಗೆಯದು, ಅಮೈನೋ ಆಮ್ಲಗಳ ಸರಪಳಿಯೂ ಅರ್ಧಕ್ಕಿಂತ ಹೆಚ್ಚು ಒಂದೇ. ಹಾಗಿದ್ದೂ ಒಂದಕ್ಕೆ ಆಗುವುದು ಇನ್ನೊಂದಕ್ಕೆ ಏಕೆ ಆಗುವುದಿಲ್ಲ? ಕಿಣ್ವದ ಆಕಾರವನ್ನು ಪರಮಾಣು ಪರಮಾಣುವಾಗಿ ನೋಡದೆ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ವೈದ್ಯರಿಗೆ ಕಿಣ್ವದ ಕೊರತೆ ಗೊತ್ತಾಗಿದ್ದು ಆಕಾರ ಗೊತ್ತಾಗುವುದಕ್ಕಿಂತ ಬಹಳ ಮೊದಲು. ಸ್ಕೋಲಿನ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, 1956-57ರ ಹೊತ್ತಿಗೆ, ಇದು ವಂಶದಲ್ಲಿ ಹರಿದುಬರುವ ಗುಣ ಎಂಬುದನ್ನು ಇಂಗ್ಲೆಂಡಿನ ಹರ್ಮನ್ ಲೇಮನ್ ಮತ್ತು ಕೆನಡಾದ ವರ್ನರ್ ಕ್ಯಾಲೋ ಬೇರೆ ಬೇರೆಯಾಗಿ ತೋರಿಸಿದ್ದರು. ಔಷಧಿಗೂ ವಂಶವಾಹಿಗೂ ಸಂಬಂಧವಿದೆ ಎಂಬ ಶಾಸ್ತ್ರ ಬೆಳೆದದ್ದೇ ಇಂಥ ಕೆಲವು ಉದಾಹರಣೆಗಳಿಂದ. 1987ರಲ್ಲಿ ಅಮೆರಿಕದ ಒಕ್ಸಾನಾ ಲಾಕ್ರಿಜ್ ಮತ್ತು ಸಂಗಡಿಗರು ಈ ಕಿಣ್ವದ 574 ಅಮೈನೋ ಆಮ್ಲಗಳನ್ನು ಸಾಲಾಗಿ ಗುರುತಿಸಿದರು. ಸಾಲು ಗೊತ್ತಾಯಿತು, ಆದರೆ ಅದು ಮಡಚಿಕೊಂಡು ಯಾವ ರೂಪ ತಾಳುತ್ತದೆ ಎಂಬುದು ಗೊತ್ತಾಗಲಿಲ್ಲ.

1991ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೋಯಲ್ ಸಸ್‌ಮನ್, ಇಸ್ರೇಲ್ ಸಿಲ್ಮನ್ ಮೊದಲಾದವರು ಬಂಧು ಕಿಣ್ವದ ರೂಪ ಕಂಡರು. ಮನುಷ್ಯನದ್ದಲ್ಲ, ಟಾರ್ಪಿಡೊ ಎಂಬ ವಿದ್ಯುತ್ ಮೀನಿನದ್ದು; ಆ ಮೀನಿನ ವಿದ್ಯುತ್ ಅಂಗದಲ್ಲಿ ಈ ಕಿಣ್ವ ಯಥೇಚ್ಛವಾಗಿ ಸಿಗುತ್ತದೆ. ಕಂಡದ್ದು ಯಾರೂ ಎಣಿಸಿರದ ರೂಪ. ಕಿಣ್ವ ಕೆಲಸ ಮಾಡುವ ಜಾಗ ಹೊರಮೈಯಲ್ಲಿರಲಿಲ್ಲ, ಸುಮಾರು 20 ಆಂಗ್‌ಸ್ಟ್ರಮ್ ಆಳದ ಇಕ್ಕಟ್ಟಾದ ಕೊರಕಲಿನ ತಳದಲ್ಲಿತ್ತು. ಒಂದು ಆಂಗ್‌ಸ್ಟ್ರಮ್ ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯ ಒಂದು ಭಾಗ. ಅನಂತಪುರ ಸೀಮೆಯ ಹಳೆಯ ಸೇದೋ ಬಾವಿಗಳನ್ನು ನೋಡಿದವರಿಗೆ ಈ ರೂಪ ಬೇಗ ಕಣ್ಣಿಗೆ ಕಟ್ಟುತ್ತದೆ: ಬಾಯಿ ಕಿರಿದು, ಗೋಡೆ ನೇರ, ನೀರು ಎಲ್ಲೋ ಕೆಳಗೆ, ಕೊಡ ಇಳಿದರೆ ಮಾತ್ರ ಕೆಲಸ. ಒಡೆಯಬೇಕಾದ ಅಣು ಆ ಗೋಡೆಗಳ ನಡುವೆ ಇಳಿದು ತಳ ಮುಟ್ಟಬೇಕು, ಒಡೆದ ತುಂಡುಗಳು ಮತ್ತೆ ಮೇಲೆ ಬರಬೇಕು. ಇಷ್ಟೆಲ್ಲ ಆಗುತ್ತಿದ್ದರೂ ಕೋಲಿನ್‌ಎಸ್ಟರೇಸುಗಳು ಜಗತ್ತಿನ ಅತಿ ಚುರುಕಿನ ಕಿಣ್ವಗಳ ಸಾಲಿಗೆ ಸೇರಿವೆ. ಈ ಗಂಟು ವಿಜ್ಞಾನಿಗಳನ್ನು ಬಹಳ ವರ್ಷ ಕಾಡಿತು.

ಮನುಷ್ಯನ ಬ್ಯುಟಿರೈಲ್‌ಕೋಲಿನ್‌ಎಸ್ಟರೇಸಿನ ರೂಪ ಸಿಕ್ಕಿದ್ದು 2003ರಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ. ಇವಾನ್ ನಿಕೊಲೆ, ಒಕ್ಸಾನಾ ಲಾಕ್ರಿಜ್, ಪ್ಯಾಟ್ರಿಕ್ ಮ್ಯಾಸೋನ್, ಹುವಾನ್ ಫಾಂಟೆಸಿಯ-ಕ್ಯಾಂಪ್ಸ್, ಫ್ಲೋರಿಯನ್ ನಶೋನ್ ಈ ಐವರ ಕೆಲಸ. ಇವರಲ್ಲಿ ಕೆಲವರು ಫ್ರೆಂಚ್ ಸೇನೆಯ ವೈದ್ಯಕೀಯ ಸಂಶೋಧನೆಗೆ ಸೇರಿದವರು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಅದರ ಕಾರಣ ಮುಂದೆ ಬರುತ್ತದೆ.

ಪ್ರೋಟೀನಿನ ರೂಪ ಕಾಣಲು ಯಾವ ಸೂಕ್ಷ್ಮದರ್ಶಕವೂ ಆಗ ಸಾಲುತ್ತಿರಲಿಲ್ಲ. ಬೆಳಕಿನ ಅಲೆಯೇ ಪರಮಾಣುವಿಗಿಂತ ಸಾವಿರಾರು ಪಟ್ಟು ದೊಡ್ಡದಾದ್ದರಿಂದ ಅದಕ್ಕೆ ಪರಮಾಣು ಕಾಣುವುದಿಲ್ಲ. ಕ್ಷ-ಕಿರಣದ ಅಲೆ ಒಂದು ಆಂಗ್‌ಸ್ಟ್ರಮ್ ಸುಮಾರಿನದು, ಅದು ಸರಿ. ಆದರೆ ಒಂದು ಅಣುವಿಗೆ ಬಡಿದು ಚದುರುವ ಕ್ಷ-ಕಿರಣ ಅಳತೆಗೆ ಸಿಗದಷ್ಟು ಕ್ಷೀಣ. ಅದಕ್ಕೆ ಕೋಟಿಗಟ್ಟಲೆ ಅಣುಗಳನ್ನು ಒಂದೇ ಮುಖವಾಗಿ, ಒಂದೇ ಅಂತರದಲ್ಲಿ ಜೋಡಿಸಬೇಕು. ಅಂದರೆ ಪ್ರೋಟೀನಿನ ಹರಳು ಬೆಳೆಸಬೇಕು. ಆಗ ಒಂದೊಂದು ಅಣುವಿನಿಂದ ಚದುರಿದ ಕಿರಣಗಳೂ ಒಟ್ಟಾಗಿ ಎದುರಿನ ಪರದೆಯ ಮೇಲೆ ಚುಕ್ಕಿಗಳಾಗಿ ಬೀಳುತ್ತವೆ. ಆ ಸಾವಿರಾರು ಚುಕ್ಕಿಗಳ ಕಾಂತಿಯನ್ನು ಅಳೆದು, ಗಣಿತದಿಂದ ಹಿಂದಕ್ಕೆ ನಡೆದರೆ ಹರಳಿನೊಳಗೆ ಎಲೆಕ್ಟ್ರಾನುಗಳು ಎಲ್ಲೆಲ್ಲಿ ದಟ್ಟವಾಗಿವೆ ಎಂಬ ನಕ್ಷೆ ಸಿಗುತ್ತದೆ. ಆ ದಟ್ಟಣೆಯೊಳಗೆ ಅಮೈನೋ ಆಮ್ಲಗಳ ಸರಪಳಿಯನ್ನು ಒಂದೊಂದಾಗಿ ಕೂರಿಸುತ್ತ ಹೋಗಬೇಕು.

ಕಷ್ಟವೆಲ್ಲ ಹರಳು ಬೆಳೆಸುವುದರಲ್ಲಿದೆ. ಈ ಕಿಣ್ವವಂತೂ ಹರಳಾಗಲು ಒಪ್ಪದ ಜಾತಿ. ರಕ್ತದಲ್ಲಿ ಅದು ಒಂಟಿಯಾಗಿ ಇರುವುದಿಲ್ಲ, ನಾಲ್ಕು ಸೇರಿ ಒಂದು ಗುಂಪು. ಪ್ರತಿಯೊಂದರ ಮೈಮೇಲೂ ಒಂಬತ್ತು ಕಡೆ ಸಕ್ಕರೆಯ ಕವಲುಗಳು. ಅವು ಅತ್ತಿತ್ತ ಓಲಾಡುವುದರಿಂದ ಅಣುಗಳು ಒತ್ತಾಗಿ ಕೂರುವುದಿಲ್ಲ. ಹೀಗಾಗಿ ವಿಜ್ಞಾನಿಗಳು ಮನುಷ್ಯನ ವಂಶವಾಹಿಯನ್ನು ತೆಗೆದುಕೊಂಡು, ನಾಲ್ವರನ್ನು ಒಟ್ಟಿಗೆ ಹಿಡಿಯುವ ಕೊನೆಯ 45 ಅಮೈನೋ ಆಮ್ಲಗಳ ಬಾಲವನ್ನು ಕತ್ತರಿಸಿದರು. ಸಕ್ಕರೆ ಅಂಟುವ ಒಂಬತ್ತು ಜಾಗಗಳಲ್ಲಿ ನಾಲ್ಕನ್ನು ಬದಲಿಸಿದರು. ಹಾಗೆ ತಿದ್ದಿದ್ದನ್ನು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳಲ್ಲಿ ತಯಾರಿಸಿದರು. ಕೆಲಸ ಮಾಡುವ ಕೊರಕಲನ್ನು ಮಾತ್ರ ಮುಟ್ಟಲಿಲ್ಲ. ಹೊರಗೆ ಇಷ್ಟೆಲ್ಲ ಕತ್ತರಿಸಿದರೂ ಒಳಗಿನ ಕೆಲಸ ಕೆಡಲಿಲ್ಲ ಎಂದು ಪರೀಕ್ಷಿಸಿಕೊಂಡ ಮೇಲೆಯೇ ಹರಳಿಗೆ ಕೈಹಾಕಿದ್ದು. ಬಂದ ಚಿತ್ರದ ಸೂಕ್ಷ್ಮತೆ 2 ಆಂಗ್‌ಸ್ಟ್ರಮ್. ಒಂದೊಂದು ಅಮೈನೋ ಆಮ್ಲ ಯಾವ ಕಡೆ ತಿರುಗಿದೆ ಎಂಬುದು ಸಂದೇಹವಿಲ್ಲದೆ ಕಾಣುವಷ್ಟು.

ಚಿತ್ರ ಹೇಳಿದ್ದೇನು? ಇಲ್ಲಿಯೂ ಆ ಕೊರಕಲು ಇದೆ, ತಳದಲ್ಲಿ ಕೆಲಸಗಾರರು ಮೂವರೇ: 198ನೇ ಸ್ಥಾನದ ಸೆರೀನ್, 325ರ ಗ್ಲುಟಮೇಟ್, 438ರ ಹಿಸ್ಟಿಡಿನ್. ಸರಪಳಿಯಲ್ಲಿ ಇವು ಒಂದರಿಂದ ಒಂದು ನೂರಕ್ಕೂ ಹೆಚ್ಚು ಸ್ಥಾನ ದೂರ. ಮಡಚಿಕೊಂಡಾಗ ಮಾತ್ರ ಪಕ್ಕಪಕ್ಕ ಬರುತ್ತವೆ. ಒಡೆಯುವ ಏಟು ಹೊಡೆಯುವುದು ಸೆರೀನ್. ಉಳಿದಿಬ್ಬರು ಅದನ್ನು ಸಜ್ಜುಗೊಳಿಸುತ್ತಾರೆ. ಇಲ್ಲಿಯವರೆಗೆ ಬಂಧು ಕಿಣ್ವದಂತೆಯೇ. ವ್ಯತ್ಯಾಸ ಗೋಡೆಯಲ್ಲಿದೆ. ಬಂಧುವಿನ ಕೊರಕಲಿನ ಗೋಡೆಗೆ ಹದಿನಾಲ್ಕು ದಪ್ಪನೆಯ, ಉಂಗುರವುಳ್ಳ ಅಮೈನೋ ಆಮ್ಲಗಳು ಅಂಟಿಕೊಂಡಿವೆ. ನಮ್ಮ ಕಿಣ್ವದಲ್ಲಿ ಅವುಗಳಲ್ಲಿ ಆರರ ಜಾಗಕ್ಕೆ ಸಣ್ಣವು ಬಂದಿವೆ. ತಳ ಅಗಲವಾಗಿದೆ. ಸ್ಕೋಲಿನ್‌ನಂಥ ಉದ್ದನೆಯ ಅಣು ಇಲ್ಲಿ ಇಳಿದು, ಸೆರೀನಿನ ಮುಂದೆ ಸರಿಯಾದ ಭಂಗಿಯಲ್ಲಿ ಕೂರಲು ಜಾಗವಿದೆ; ಅಲ್ಲಿ ಇಲ್ಲ. ಎರಡು ಕಿಣ್ವಗಳ ಬಗ್ಗೆ ಕೇಳಿದ ಪ್ರಶ್ನೆಯ ಉತ್ತರ ಈ ಅಗಲದಲ್ಲಿದೆ.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಎನಿಸುತ್ತದೆ. ಮೀನಿನ ಕಿಣ್ವದ ರೂಪವನ್ನು ಆಧಾರವಾಗಿಟ್ಟುಕೊಂಡು ಮನುಷ್ಯನ ಈ ಕಿಣ್ವ ಹೀಗಿರಬಹುದು ಎಂಬ ಊಹೆಯ ಮಾದರಿಯನ್ನು ಮೊದಲೇ ಕಟ್ಟಿದ್ದರು. ಹರಳಿನ ಚಿತ್ರ ಬಂದಾಗ ಬಹುಪಾಲು ಹೊಂದಿಕೊಂಡಿತು. ತಪ್ಪಿದ್ದು ಎಲ್ಲಿ ಎಂದರೆ, ಒಡೆಯಬೇಕಾದ ಅಣು ಕೂರುವ ಆ ತಳದ ಪೊಟರೆಯಲ್ಲೇ. ಊಹಿಸಿದ್ದಕ್ಕಿಂತ ಅದು ಗಮನಾರ್ಹವಾಗಿ ದೊಡ್ಡದಿತ್ತು. ಔಷಧಿ ವಿನ್ಯಾಸ ಮಾಡುವವರಿಗೆ ಬೇಕಾದದ್ದು ಅದೇ ಪೊಟರೆಯ ಅಳತೆ. ಇಂದು ಕಂಪ್ಯೂಟರು ಸರಪಳಿಯ ಸಾಲನ್ನು ನೋಡಿಯೇ ಪ್ರೋಟೀನಿನ ರೂಪ ಹೇಳುತ್ತದೆ. ಆ ಸಾಧನೆಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಕೂಡ ಬಂತು. ಅದು ದೊಡ್ಡ ಸಾಧನೆಯೇ. ಆದರೆ ಆ ಯಂತ್ರ ಕಲಿತದ್ದು ಬಹುಪಾಲು ಹೀಗೆ ಹರಳು ಬೆಳೆಸಿ ಕಂಡುಹಿಡಿದ ಲಕ್ಷಕ್ಕೂ ಹೆಚ್ಚು ರೂಪಗಳಿಂದ. ಆ ರೂಪಗಳೆಲ್ಲ 1971ರಲ್ಲಿ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಭಂಡಾರದಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ಸಿಗುತ್ತವೆ. ಈ ಕಿಣ್ವದ ಗುರುತು 1ಪಿ0ಐ. ಕಲ್ಯಾಣದುರ್ಗದ ಪದವಿ ವಿದ್ಯಾರ್ಥಿಯೊಬ್ಬಳು ಮೊಬೈಲಿನಲ್ಲೇ ಅದನ್ನು ತೆರೆದು, ತಿರುಗಿಸಿ, ಕೊರಕಲಿನ ಬಾಯಿಯಿಂದ ತಳದವರೆಗೆ ನೋಡಬಹುದು. ನಮ್ಮ ಅಧ್ಯಾಪಕರು ಇದನ್ನು ತರಗತಿಯಲ್ಲಿ ತೋರಿಸಬೇಕು ಎಂದು ನನ್ನ ಆಸೆ.

ನಾಲ್ಕು ಕಿಣ್ವಗಳ ಗುಂಪು ರಕ್ತದಲ್ಲಿ ಇರುವ ಹಾಗೆಯೇ, ಏನನ್ನೂ ಕತ್ತರಿಸದೆ, ಕಾಣಿಸಿದ್ದು 2018ರಲ್ಲಿ. ಈ ಬಾರಿ ಹರಳಿಲ್ಲದೆ, ಹೆಪ್ಪುಗಟ್ಟಿಸಿದ ಮಾದರಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ. ನಾಲ್ಕರ ಬಾಲಗಳೂ ನಡುವಿನ ಒಂದು ಸಣ್ಣ ಪ್ರೋಟೀನ್ ತುಂಡಿನ ಸುತ್ತ ಹುರಿಗೊಂಡಿದ್ದವು.

ಈಗ ಶೆಟ್ಟರ ಮನೆಯ ವಿಷಯಕ್ಕೆ ಬರೋಣ. 2006ರಲ್ಲಿ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಆರ್. ಬೂಪತಿ, ಐ. ಮನೋಹರನ್, ಅವರೊಂದಿಗೆ ಅದೇ ಒಕ್ಸಾನಾ ಲಾಕ್ರಿಜ್ ಮತ್ತು ಜರ್ಮನಿಯ ಸಂಗಡಿಗರು, ವೈಶ್ಯ ಸಮುದಾಯದಲ್ಲಿ ಈ ಕೊರತೆಯುಳ್ಳವರ ವಂಶವಾಹಿಯನ್ನು ಓದಿದರು. ಡಿಎನ್ಎ ಬರಹದಲ್ಲಿ ಒಂದೇ ಅಕ್ಷರ ಬದಲಾಗಿತ್ತು: ಟಿ ಇರಬೇಕಾದಲ್ಲಿ ಸಿ. ಅದರಿಂದ ಕಿಣ್ವದ 307ನೇ ಸ್ಥಾನದಲ್ಲಿ ಲ್ಯೂಸಿನ್ ಹೋಗಿ ಪ್ರೋಲಿನ್ ಬಂದಿತ್ತು. 574ರಲ್ಲಿ ಒಂದು. ಅದೂ ಕೆಲಸ ಮಾಡುವ ಆ ಮೂರರಲ್ಲಿ ಒಂದಲ್ಲ.

ಒಂದು ಪ್ರೋಲಿನ್ ಅಷ್ಟು ಹಾನಿ ಮಾಡುವುದು ಹೇಗೆ? ಇದನ್ನು ಅರ್ಥ ಮಾಡಿಕೊಳ್ಳಲು ನಾವು ಗ್ರೆನೋಬಲ್‌ಗೆ ಹೋಗಬೇಕಿಲ್ಲ. 1963ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ತಮ್ಮ ಸಂಗಡಿಗರಾದ ರಾಮಕೃಷ್ಣನ್, ಶಶಿಶೇಖರನ್ ಜೊತೆ ಒಂದು ನಕ್ಷೆ ಬರೆದರು. ಪ್ರೋಟೀನಿನ ಸರಪಳಿ ಪ್ರತಿ ಕೊಂಡಿಯಲ್ಲೂ ಎರಡು ಕಡೆ ತಿರುಗಬಲ್ಲದು. ಯಾವ ತಿರುವು ಸಾಧ್ಯ, ಯಾವ ತಿರುವಿನಲ್ಲಿ ಪರಮಾಣುಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ ಎಂಬುದನ್ನು ಆ ನಕ್ಷೆ ಹೇಳುತ್ತದೆ. ಲೋಕದ ಯಾವ ಮೂಲೆಯಲ್ಲಿ ಪ್ರೋಟೀನಿನ ರೂಪ ಕಂಡುಹಿಡಿದರೂ ಅದು ಸರಿಯಿದೆಯೇ ಎಂದು ಇಂದಿಗೂ ರಾಮಚಂದ್ರನ್ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ಮುಂದೆ ಅವರೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಆ ನಕ್ಷೆಯಲ್ಲಿ ಬೇರೆಲ್ಲ ಅಮೈನೋ ಆಮ್ಲಗಳಿಗೆ ಓಡಾಡಲು ಜಾಗವಿದ್ದರೆ ಪ್ರೋಲಿನ್‌ಗೆ ಒಂದು ಕಿರಿದಾದ ಪಟ್ಟಿ ಮಾತ್ರ. ಏಕೆಂದರೆ ಅದರ ಪಕ್ಕದ ಕವಲು ಸುತ್ತಿ ಬಂದು ಸರಪಳಿಗೇ ಮತ್ತೆ ಕಟ್ಟಿಕೊಂಡಿದೆ. ಬೇಕಾದ ಹಾಗೆ ತಿರುಗಲಾರದು. ಅಕ್ಕಪಕ್ಕದವರೊಂದಿಗೆ ಕೈಹಿಡಿಯಲು ಬೇಕಾದ ಹೈಡ್ರೋಜನ್ನೂ ಅದರ ಬಳಿ ಇಲ್ಲ. ಲ್ಯೂಸಿನ್ ಒಳಗೆ ಒತ್ತಿಕೊಂಡು ಕೂತು ಮಡಿಕೆಯನ್ನು ಹಿಡಿದಿಡುವ ಜಾತಿ. ಅದು ಇರಬೇಕಾದಲ್ಲಿ ಪ್ರೋಲಿನ್ ಬಂದರೆ ಮಡಿಕೆ ಅಲ್ಲಿಗೇ ತಪ್ಪುತ್ತದೆ. ಮಡಿಕೆ ತಪ್ಪಿದ ಪ್ರೋಟೀನನ್ನು ಜೀವಕೋಶ ಹೊರಗೆ ಬಿಡದೆ ತಾನೇ ಒಡೆದುಹಾಕುವುದು ಸಾಮಾನ್ಯ. ಎರಡೂ ಪ್ರತಿಗಳಲ್ಲಿ ಈ ಬದಲಾವಣೆ ಇರುವವರ ರಕ್ತದಲ್ಲಿ ಕಿಣ್ವದ ಕೆಲಸ ಇಲ್ಲವೆನ್ನುವಷ್ಟು ಕಡಿಮೆ.

ಎರಡೂ ಪ್ರತಿ ಎಂಬ ಮಾತು ಮುಖ್ಯ. ಈ ವಂಶವಾಹಿ ಮೂರನೇ ವರ್ಣತಂತುವಿನಲ್ಲಿದೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬರುತ್ತದೆ. ಒಂದು ಸರಿಯಿದ್ದರೆ ಸಾಕಷ್ಟು ಕಿಣ್ವ ತಯಾರಾಗುತ್ತದೆ, ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ತಂದೆತಾಯಿ ಇಬ್ಬರಲ್ಲೂ ಒಂದೊಂದು ಬದಲಾದ ಪ್ರತಿ ಇದ್ದಾಗ ಮಾತ್ರ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಎರಡೂ ಬದಲಾದ ಪ್ರತಿಗಳೇ ಬರುವ ನಾಲ್ಕರಲ್ಲಿ ಒಂದು ಸಾಧ್ಯತೆ.

ಹಾಗಾದರೆ ಈ ಸಮುದಾಯದಲ್ಲೇ ಏಕೆ ಹೆಚ್ಚು? ಸೋದರಿಕೆಯಲ್ಲಿ ಮದುವೆ ಮಾಡುವುದರಿಂದ ಎಂದು ಥಟ್ಟನೆ ಹೇಳುವವರಿದ್ದಾರೆ. ಸೋದರಮಾವನ ಮಗಳನ್ನು ತಂದುಕೊಳ್ಳುವ ಮೇನರಿಕದ ಪದ್ಧತಿ ಇಲ್ಲಿ ಗಟ್ಟಿಯಾಗಿತ್ತು ನಿಜ, ಅದರ ಪಾಲೂ ಇದೆ. ಆದರೆ ಅದೊಂದೇ ಕಾರಣವಾಗಿದ್ದರೆ ದಕ್ಷಿಣದ ಎಷ್ಟೋ ಜಾತಿಗಳಲ್ಲಿ ಇದೇ ಕೊರತೆ ಕಾಣಬೇಕಿತ್ತು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್, ಲಾಲ್ಜಿ ಸಿಂಗ್, ಹಾರ್ವರ್ಡಿನ ಡೇವಿಡ್ ರೈಕ್ ಮೊದಲಾದವರು 2009ರಿಂದ ನಡೆಸಿದ ಅಧ್ಯಯನಗಳು ಇನ್ನೂ ಆಳದ ಕಾರಣ ಹೇಳುತ್ತವೆ. ಎರಡು ಮೂರು ಸಾವಿರ ವರ್ಷಗಳ ಹಿಂದೆ ಕೆಲವೇ ಕುಟುಂಬಗಳಿಂದ ಈ ಸಮುದಾಯ ಬೆಳೆದಿದೆ. ಅಂದಿನಿಂದ ಹೊರಗಿನವರೊಡನೆ ಮದುವೆ ಬಹುತೇಕ ಆಗಿಲ್ಲ. ಆ ಕೆಲವರಲ್ಲಿ ಒಬ್ಬರಲ್ಲಿ ಅಕಸ್ಮಾತ್ತಾಗಿ ಇದ್ದ ಒಂದು ಅಕ್ಷರ ಇಂದು ಲಕ್ಷಾಂತರ ವಂಶಸ್ಥರಲ್ಲಿ ಹರಡಿದೆ. ಆರ್ಯವೈಶ್ಯರಲ್ಲಿ 102 ಗೋತ್ರಗಳು, ಸಗೋತ್ರದಲ್ಲಿ ಮದುವೆ ಇಲ್ಲ. ಆದರೂ ಈ ನಿಯಮ ಇಲ್ಲಿ ಕಾಪಾಡುವುದಿಲ್ಲ, ಏಕೆಂದರೆ ಗೋತ್ರ ಗಂಡುಸಂತಾನದ ಸಾಲನ್ನು ಮಾತ್ರ ಹಿಡಿದು ಹೋಗುತ್ತದೆ. ಮೂರನೇ ವರ್ಣತಂತು ಹೆಣ್ಣುಮಕ್ಕಳ ಜೊತೆಗೂ ಗೋತ್ರದಿಂದ ಗೋತ್ರಕ್ಕೆ ದಾಟುತ್ತದೆ.

ಇದು ಒಂದು ಜಾತಿಯ ಕಳಂಕ ಎಂದು ಯಾರಾದರೂ ತಿಳಿದರೆ ಅದಕ್ಕಿಂತ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. 2017ರಲ್ಲಿ ಅದೇ ಸಂಶೋಧಕರು ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ನೋಡಿದಾಗ 81 ಸಮುದಾಯಗಳು ಹೀಗೆಯೇ ಬಹಳ ಕಡಿಮೆ ಪೂರ್ವಜರಿಂದ ಬೆಳೆದವು ಎಂದು ಕಂಡುಬಂತು. ಒಂದೊಂದರಲ್ಲೂ ಬೇರೆ ಬೇರೆ ಅಕ್ಷರ ಹೀಗೆ ಅಡಗಿರಬಹುದು. ವೈಶ್ಯರದ್ದು ಬೇಗ ಬೆಳಕಿಗೆ ಬಂದದ್ದಕ್ಕೆ ಅರಿವಳಿಕೆ ವೈದ್ಯರ ಅನುಭವ ಕಾರಣ. ಈ ಮನೆತನದವರಿಗೆ ಸ್ಕೋಲಿನ್ ಕೊಡುವ ಮೊದಲು ಯೋಚಿಸಬೇಕು ಎಂಬ ಮಾತು ವಂಶವಾಹಿ ಓದುವ ಮುಂಚೆಯೇ ವೈದ್ಯರ ನಡುವೆ ಓಡಾಡುತ್ತಿತ್ತು. ಮತ್ತೆ, ಇದು ಕಾಯಿಲೆಯೂ ಅಲ್ಲ. ಈ ಕಿಣ್ವವಿಲ್ಲದವರು ಉಣ್ಣುತ್ತಾರೆ, ದುಡಿಯುತ್ತಾರೆ, ಮಕ್ಕಳು ಮೊಮ್ಮಕ್ಕಳನ್ನು ಕಾಣುತ್ತಾರೆ. ಸ್ಕೋಲಿನ್, ಅದರ ಹಾಗೆಯೇ ಒಡೆಯುವ ಮಿವಾಕ್ಯೂರಿಯಂ, ಇಂಥ ಕೆಲವು ಔಷಧಿಗಳ ಎದುರಿನಲ್ಲಿ ಮಾತ್ರ ಇದು ತಲೆ ಎತ್ತುತ್ತದೆ.

ಔಷಧಿಯಲ್ಲದೆ ಇನ್ನೊಂದಿದೆ, ಅದು ನಮ್ಮ ಹೊಲಗಳಲ್ಲಿದೆ. ಫ್ರೆಂಚ್ ಸೇನೆ ಈ ಕಿಣ್ವದ ಬೆನ್ನು ಬಿದ್ದದ್ದು ಯುದ್ಧದಲ್ಲಿ ಬಳಸುವ ನರವಿಷಗಳಿಗಾಗಿ. ಆ ವಿಷಗಳೂ ಹೊಲಗಳಲ್ಲಿ ಹೊಡೆಯುತ್ತಿದ್ದ ಮೋನೋಕ್ರೋಟೋಫಾಸ್, ಕಡಲೆಕಾಯಿಗೆ ಹೊಡೆಯುವ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕಗಳೂ ಒಂದೇ ರಾಸಾಯನಿಕ ಕುಟುಂಬದವು, ಆರ್ಗನೋಫಾಸ್ಫರಸ್ ಎಂದು ಹೆಸರು. ಇವು ಮೈಗೆ ಸೇರಿದಾಗ ಕೊರಕಲಿನ ತಳಕ್ಕಿಳಿದು ಅದೇ ಸೆರೀನನ್ನು ಹಿಡಿದುಬಿಡುತ್ತವೆ, ಬಿಡುವುದಿಲ್ಲ. ಸ್ನಾಯುವಿನ ಬಾಗಿಲ ಕಾವಲಿನ ಕಿಣ್ವ ಹೀಗೆ ಸಿಕ್ಕಿಬಿದ್ದರೆ ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಕಿರಿದು, ಉಸಿರು ಕಟ್ಟುವುದು. ರಕ್ತದಲ್ಲಿರುವ ನಮ್ಮ ಕಿಣ್ವ ತನ್ನನ್ನು ತಾನು ಕೊಟ್ಟು ಒಂದೊಂದು ವಿಷದ ಅಣುವನ್ನು ಹಿಡಿದಿಡುತ್ತದೆ. ಆದರೆ ಒಂದಕ್ಕೆ ಒಂದೇ, ಹಿಡಿದದ್ದು ಮತ್ತೆ ಕೆಲಸಕ್ಕೆ ಬಾರದು. ಲೆಕ್ಕ ಹಾಕಿದರೆ, ರಕ್ತದಲ್ಲಿರುವ ಅಷ್ಟೂ ಕಿಣ್ವ ಸೇರಿ ಮೋನೋಕ್ರೋಟೋಫಾಸಿನ ಒಂದು ಮಿಲಿಗ್ರಾಮಿನ ಇಪ್ಪತ್ತನೇ ಒಂದು ಭಾಗವನ್ನೂ ಹಿಡಿಯಲಾರದು. ಕುಡಿದ ವಿಷಕ್ಕೆ ಅದು ತಡೆಯೇ ಅಲ್ಲ. ಉಪಯೋಗ ಬೇರೆ ಇದೆ: ವಿಷ ತಗುಲಿದವರ ರಕ್ತದಲ್ಲಿ ಈ ಕಿಣ್ವ ಎಷ್ಟು ಉಳಿದಿದೆ ಎಂದು ಅಳೆದರೆ ಆರ್ಗನೋಫಾಸ್ಫರಸ್ ಇರಬಹುದೇ ಎಂಬ ಸುಳಿವು ಸಿಗುತ್ತದೆ. ಆಸ್ಪತ್ರೆಗಳಲ್ಲಿ ಈ ವಿಷಕ್ಕೆ ಮದ್ದಾದ ಅಟ್ರೋಪಿನ್, ಪ್ಯಾಮ್ ಕೊಡುತ್ತ ಕೋಲಿನ್‌ಎಸ್ಟರೇಸ್ ರಿಪೋರ್ಟಿಗೆ ಕಾಯುವುದು ಇದಕ್ಕೇ.

ಹೀಗಾಗಿ ಅನಂತಪುರ ಸೀಮೆಯಲ್ಲಿ ಎರಡು ದಾರಿಗಳು ಒಂದೇ ಕಿಣ್ವದ ಕೊರತೆಗೆ ಬಂದು ಸೇರುತ್ತವೆ. ಅಂಗಡಿಯ ಮನೆಯಲ್ಲಿ ಹುಟ್ಟಿನಿಂದಲೇ ಕಿಣ್ವವಿಲ್ಲದವರು ಇರಬಹುದು. ಮುಖಕ್ಕೆ ಬಟ್ಟೆಯೂ ಕಟ್ಟದೆ, ಕೈಗವಸಿಲ್ಲದೆ ದಿನಗಟ್ಟಲೆ ಔಷಧಿ ಹೊಡೆದು ಕಿಣ್ವ ಕಳೆದುಕೊಂಡ ರೈತನೋ ಕೂಲಿಯೋ ಇರಬಹುದು. ಅಪೆಂಡಿಕ್ಸ್ ಎಂದು ಇಬ್ಬರೂ ಒಂದೇ ರಾತ್ರಿ ಆಪರೇಷನ್ನಿಗೆ ಬಂದರೆ ಸ್ಕೋಲಿನ್ ಇಬ್ಬರಲ್ಲೂ ಇಳಿಯದೆ ನಿಲ್ಲಬಹುದು. ವ್ಯತ್ಯಾಸವೆಂದರೆ ರೈತನ ಯಕೃತ್ತು ಹೊಸ ಕಿಣ್ವ ತಯಾರಿಸುತ್ತ ವಾರಗಳಲ್ಲಿ ಸುಧಾರಿಸಿಕೊಳ್ಳುತ್ತದೆ. ಅಂಗಡಿಯ ಮನೆಯವರಿಗೆ ಅದು ಜೀವಮಾನದ ಸ್ಥಿತಿ. ತದ್ವಿರುದ್ಧದ ಗೊಂದಲವೂ ಉಂಟು: ವಿಷ ಮುಟ್ಟಿಯೇ ಇರದ ವೈಶ್ಯ ಹುಡುಗನೊಬ್ಬನ ರಿಪೋರ್ಟಿನಲ್ಲಿ ಕೋಲಿನ್‌ಎಸ್ಟರೇಸ್ ಸೊನ್ನೆಯ ಹತ್ತಿರ ಬಂದರೆ ವಿಷ ಕುಡಿದ ಎಂಬ ಸಂಶಯ ಸುಮ್ಮನೆ ಅವನ ಮೇಲೆ ಬೀಳಬಹುದು. ಯಕೃತ್ತಿನ ಕಾಯಿಲೆಯಲ್ಲೂ ಗರ್ಭಿಣಿಯರಲ್ಲೂ ಈ ಅಂಕಿ ಸ್ವಲ್ಪ ಇಳಿದಿರುತ್ತದೆ ಎಂಬುದನ್ನು ಕೂಡ ಲೆಕ್ಕಕ್ಕೆ ಹಿಡಿಯಬೇಕು.

ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ವಿಷಬಾಧೆಯಲ್ಲಿ ಮಾಡುವ ಅದೇ ರಕ್ತಪರೀಕ್ಷೆ ಆಪರೇಷನ್ನಿಗೆ ಮುಂಚೆಯೂ ಉಪಯೋಗಕ್ಕೆ ಬರುತ್ತದೆ. ಮೊದಲೇ ಗೊತ್ತುಮಾಡಿಕೊಂಡ ಆಪರೇಷನ್ ಆದರೆ, ಆರ್ಯವೈಶ್ಯ ಕುಟುಂಬದವರಿಗೂ ಇತ್ತೀಚೆಗೆ ಕೀಟನಾಶಕ ಹೊಡೆದವರಿಗೂ ಕೋಲಿನ್‌ಎಸ್ಟರೇಸ್ ಒಮ್ಮೆ ನೋಡಿಬಿಡುವುದು ಒಳ್ಳೆಯದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ತುರ್ತಿನಲ್ಲಿ ಪರೀಕ್ಷೆಗೆ ಸಮಯವಿರುವುದಿಲ್ಲ, ಆಗ ಒಂದು ಪ್ರಶ್ನೆ ಸಾಕು: ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಎಚ್ಚರವಾಗಲು, ಉಸಿರು ಬರಲು ಬಹಳ ಹೊತ್ತು ಹಿಡಿದಿತ್ತೇ? ಹೌದು ಎಂದರೆ ಸ್ಕೋಲಿನ್ ಬದಲು ರೋಕುರೋನಿಯಂ ಇದೆ. ಬೇಕೆಂದಾಗ ಅದರ ಪ್ರಭಾವ ಇಳಿಸುವ ಸುಗಮಾಡೆಕ್ಸ್ ಎಂಬ ಔಷಧಿಯೂ ಇದೆ, ಬೆಲೆ ಮಾತ್ರ ಹೆಚ್ಚು. ಜಾತಿ ಕೇಳುವುದು ನಮ್ಮ ಆಸ್ಪತ್ರೆಗಳಲ್ಲಿ ಮುಜುಗರದ ವಿಷಯ, ಕೇಳದಿರುವುದೇ ಮರ್ಯಾದೆ ಎಂದುಕೊಂಡಿದ್ದೇವೆ. ಕುಟುಂಬದ ಇತಿಹಾಸ ಕೇಳುವುದರಲ್ಲಿ ಆ ಮುಜುಗರವಿಲ್ಲ. ರೋಗಿಯ ಕಡೆಯವರೇ ಮುಂದೆ ಬಂದು ಹೇಳಿದರೆ ಇನ್ನೂ ಒಳ್ಳೆಯದು.

ಸಂಘಟಿತವಾದ ಸಮುದಾಯವಿದು, ಊರೂರಿನಲ್ಲೂ ಆರ್ಯವೈಶ್ಯ ಸಂಘ, ಕಲ್ಯಾಣ ಮಂಟಪ, ಕುಲದೇವತೆಯ ಹುಟ್ಟುಹಬ್ಬವಾದ ವಾಸವಿ ಜಯಂತಿ ಇವೆ. ರಕ್ತದಾನ ಶಿಬಿರ ನಡೆಸುವ ದಿನವೇ ಒಂದು ಟ್ಯೂಬು ರಕ್ತ ಹೆಚ್ಚಿಗೆ ತೆಗೆದರೆ ಒಂದು ಊರಿನ ಪರೀಕ್ಷೆ ಮುಗಿಯುತ್ತದೆ. ಫಲಿತಾಂಶ ಗುಟ್ಟಾಗಿ, ಆಯಾ ವ್ಯಕ್ತಿಯ ಕೈಗೇ ಸೇರಬೇಕು. ಹೆಣ್ಣು ಗಂಡು ನೋಡುವಾಗ ಇದನ್ನು ಮುಂದಿಟ್ಟುಕೊಂಡು ಸಂಬಂಧ ಬಿಡುವವರು ಹುಟ್ಟಿಕೊಂಡರೆ ಪರೀಕ್ಷೆಯಿಂದ ಆಗುವ ಉಪಕಾರವೆಲ್ಲ ಹೋಗುತ್ತದೆ. ಸಂಬಂಧ ಬಿಡಲು ಕಾರಣವೂ ಇಲ್ಲ, ಕೊರತೆಯಿರುವ ಮಗು ಹುಟ್ಟಿದರೂ ಅದಕ್ಕೆ ಬೇಕಾದದ್ದು ಒಂದು ಔಷಧಿಯ ಎಚ್ಚರ ಮಾತ್ರ.

ಯಾರಿಗಾದರೂ ಅಂಕಿ ತೀರಾ ಕಡಿಮೆ ಬಂದರೆ ಮೊದಲು ಅವರ ಒಡಹುಟ್ಟಿದವರನ್ನು ಪರೀಕ್ಷಿಸಬೇಕು, ನಾಲ್ಕರಲ್ಲಿ ಒಂದು ಸಾಧ್ಯತೆ ಇರುವುದು ಅವರಿಗೇ. ಡಿಎನ್ಎ ಪರೀಕ್ಷೆ ಮಾಡಿಸಿದರೆ ರಿಪೋರ್ಟಿನಲ್ಲಿ 307ರ ಬದಲು 335 ಎಂದು ಇರಬಹುದು. ಗಾಬರಿ ಬೇಡ, ಅದು ಬೇರೆ ದೋಷವಲ್ಲ. ಯಕೃತ್ತಿನಲ್ಲಿ ಮೊದಲು ತಯಾರಾಗುವ ಸರಪಳಿಯ ತುದಿಯಲ್ಲಿ, ಮುಂದೆ ಕತ್ತರಿಸಿಹೋಗುವ 28 ಅಮೈನೋ ಆಮ್ಲಗಳಿರುತ್ತವೆ. ಕೆಲವು ಲ್ಯಾಬುಗಳು ಅವನ್ನೂ ಸೇರಿಸಿ ಎಣಿಸುತ್ತವೆ. ಆಮೇಲೆ ಆಧಾರ್ ಕಾರ್ಡಿನ ಜೊತೆ ಪರ್ಸಿನಲ್ಲಿ ಇಡುವಂಥ ಒಂದು ಚೀಟಿ. ಅದರ ಮೇಲೆ ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ರಕ್ತದ ಗುಂಪು, ಕೋಲಿನ್‌ಎಸ್ಟರೇಸ್ ಅಂಕಿ, ಮತ್ತು ದೊಡ್ಡ ಅಕ್ಷರದಲ್ಲಿ: ಸ್ಕೋಲಿನ್, ಮಿವಾಕ್ಯೂರಿಯಂ ಕೊಡಬಾರದು.